ಗಣಕಯಂತ್ರಗಳ ಮುಯ್ಯಿ

ನಮ್ಮ ಬೇಸಾಯದಲ್ಲಿ ಮುಯ್ಯಾಳಿನ ಪದ್ಧತಿ ಇದ್ದುದನ್ನು ಹಿರಿಯ ಓದುಗರು ಬಲ್ಲರು. ಇಂದು ನಿನ್ನ ಗದ್ದೆಯ ನಾಟಿಗೆ ನಾನು ಬರುತ್ತೇನೆ, ನಾಳೆ ನನ್ನ ಗದ್ದೆಗೆ ನೀನು ಬಾ. ನಡುವೆ ಹಣದ ಮಾತಿಲ್ಲ. ಗಣಕಯಂತ್ರ ಬಳಸುವವರು ತಮ್ಮ ಕಡತಗಳ ರಕ್ಷಣೆಗೆ ಇಂಥದೇ ಮುಯ್ಯಿಯನ್ನು ಕಟ್ಟಲು ಯತ್ನಿಸಿದ ಇತಿಹಾಸವೊಂದಿದೆ.

ಮನೆಯಲ್ಲೇ ಇಟ್ಟ ಪ್ರತಿ, ಮನೆಗೆ ಬೆಂಕಿ ಬಿದ್ದರೆ ಮೂಲದೊಡನೆಯೇ ಹೋಗುತ್ತದೆ. ಆದ್ದರಿಂದ ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಬೇಕು. 2000ದ ಆಸುಪಾಸಿನಲ್ಲಿ ಮನೆಗಳ ಹಾರ್ಡ್‌ಡಿಸ್ಕುಗಳಲ್ಲಿ ಖಾಲಿ ಜಾಗ ಬಿದ್ದಿತ್ತು. ಅಂತರ್ಜಾಲದಲ್ಲಿ ಬಾಡಿಗೆ ಜಾಗವಾದರೋ ದುಬಾರಿ. ನನ್ನ ಖಾಲಿ ಜಾಗ ನಿನಗೆ, ನಿನ್ನದು ನನಗೆ ಎಂಬ ಆಲೋಚನೆ ಹುಟ್ಟಿದ್ದು ಸಹಜವೇ.

ಆದರೆ ಪರರ ಮನೆಯಲ್ಲಿಟ್ಟ ನನ್ನ ಪತ್ರಗಳನ್ನು ಅವರು ಓದಿದರೆ? ಇದಕ್ಕೆ ಗೂಢಲಿಪಿ ಉತ್ತರವಾಯಿತು. ಕಡತವು ಮನೆಯಿಂದ ಹೊರಡುವ ಮೊದಲೇ ಗೂಢಲಿಪಿಗೆ ತಿರುಗುತ್ತದೆ. ಕೀಲಿ ಒಡೆಯನ ಬಳಿಯೇ ಉಳಿಯುತ್ತದೆ. ನನಗೆ ಬೇಕಾದ ದಿನ ಅವರ ಯಂತ್ರ ಆರಿದ್ದರೆ? ಇದಕ್ಕೆ ಅಮೆರಿಕದ ರೀಡ್ ಮತ್ತು ಸಾಲೊಮನ್ 1960ರಲ್ಲಿ ಪ್ರಕಟಿಸಿದ ಗಣಿತವಿತ್ತು. ಒಂದು ಕಡತವನ್ನು 10 ಚೂರುಗಳಾಗಿಸಿ ಹತ್ತು ಕಡೆ ಇಟ್ಟು, ಅವುಗಳಲ್ಲಿ ಯಾವ 3 ಸಿಕ್ಕರೂ ಇಡೀ ಕಡತವನ್ನು ಮರಳಿ ಕಟ್ಟುವಂತೆ ಮಾಡಬಹುದು.

ಉಳಿದದ್ದು ಮನುಷ್ಯನ ಪ್ರಶ್ನೆ. ನನ್ನಲ್ಲಿ ಜಾಗ ಪಡೆದವನು ನನ್ನ ಕಡತವನ್ನು ಸದ್ದಿಲ್ಲದೆ ಅಳಿಸಿಬಿಟ್ಟರೆ? ಮಿಚಿಗನ್ ವಿಶ್ವವಿದ್ಯಾಲಯದ ಲ್ಯಾಂಡನ್ ಕಾಕ್ಸ್ ಮತ್ತು ಬ್ರಯನ್ ನೋಬಲ್ 2002ರಲ್ಲಿ ಸಂಗಡಿಗರೊಬ್ಬರೊಡನೆ ‘ಪಾಸ್ಟೀಶ್’ ಎಂಬ ಪರಸ್ಪರ ಬ್ಯಾಕಪ್ ವ್ಯವಸ್ಥೆಯನ್ನು ಮಂಡಿಸಿದ್ದರು. ಮರುವರ್ಷ ಅವರಿಬ್ಬರೂ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಆ ವ್ಯವಸ್ಥೆಗೆ ಅವರಿಟ್ಟ ಹೆಸರು ನಮಗೆ ಚಿರಪರಿಚಿತ: ‘ಸಂಸಾರ’. ನಾನು ನಿನ್ನ ಕಡತವನ್ನು ಇಟ್ಟುಕೊಂಡರೆ, ನೀನು ಅಷ್ಟೇ ಗಾತ್ರದ ಅರ್ಥವಿಲ್ಲದ ಅಕ್ಷರರಾಶಿಯೊಂದನ್ನಾದರೂ ನನ್ನ ಪರವಾಗಿ ಹೊತ್ತಿರಬೇಕು. ಆಗಾಗ ಪರೀಕ್ಷೆ ನಡೆಯುತ್ತದೆ. ಒಮ್ಮೆ ಉತ್ತರ ಬಾರದಿದ್ದರೆ ಕ್ಷಮೆ ಸಿಗಬಹುದು. ಮೌನ ಬೆಳೆದಂತೆಲ್ಲ ನಿನ್ನ ಕಡತಗಳು ನನ್ನಲ್ಲಿ ಅಳಿಯುವ ಸಂಭವವೂ ಬೆಳೆಯುತ್ತದೆ. ಋಣ ತೀರಿಸದವನಿಗೆ ನೆಲೆಯಿಲ್ಲ!

ಅನಂತರ ಉದ್ಯಮಗಳು ಬಂದವು. ಸ್ವಿಟ್ಸರ್ಲೆಂಡಿನ ಜ್ಯೂರಿಕ್‌ನಲ್ಲಿ ಹುಟ್ಟಿ 2008ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ‘ವುವಾಲಾ’, ಬಳಕೆದಾರನು ನೀಡಿದ ಜಾಗವನ್ನು ಅವನ ಯಂತ್ರ ಚಾಲೂ ಇರುವ ಕಾಲದ ಪ್ರಮಾಣದಿಂದ ಗುಣಿಸಿ ಅಷ್ಟು ಜಾಗವನ್ನು ಹಿಂದಿರುಗಿಸುತ್ತಿತ್ತು. ದಿನದ ಅರ್ಧಭಾಗ ಚಾಲೂ ಇದ್ದು 100 ಗಿಗಾಬೈಟ್ ಕೊಟ್ಟವನಿಗೆ 50 ದಕ್ಕುತ್ತಿತ್ತು. 2011ರಲ್ಲಿ ಈ ವಿನಿಮಯ ನಿಂತಿತು. 2015ರಲ್ಲಿ ವುವಾಲಾ ಬಾಗಿಲು ಮುಚ್ಚಿತು. ಅಮೆರಿಕದ ‘ಕ್ರ್ಯಾಶ್‌ಪ್ಲಾನ್’ 2007ರಿಂದ ಗೆಳೆಯರ ಯಂತ್ರಗಳಲ್ಲಿ ಪ್ರತಿ ಇಡಲು ಅವಕಾಶ ಕೊಟ್ಟಿತ್ತು. ಅದರ ಗೃಹಬಳಕೆಯ ಸೇವೆ 2018ರ ಅಕ್ಟೋಬರಿನಲ್ಲಿ ಕೊನೆಗೊಂಡಿತು. ಗೆಳೆಯನಿದ್ದ, ಅವನ ಯಂತ್ರವೂ ಇತ್ತು, ಜಾಗವೂ ಇತ್ತು. ಆದರೂ ಮುಯ್ಯಿ ಮುರಿಯಿತು. ಏಕೆಂದರೆ ಇಬ್ಬರ ನಡುವೆ ಮೂರನೆಯವರೊಬ್ಬರಿದ್ದರು.

ಇದಕ್ಕೆ ವಿರುದ್ಧವಾದ ಉದಾಹರಣೆ ‘ಟಾಹೋ’ ಎಂಬ ತಂತ್ರಾಂಶ. ನಾನು ಮೇಲೆ ಹೇಳಿದ 10ರಲ್ಲಿ 3ರ ಲೆಕ್ಕ ಅದರದೇ. ‘ಆಲ್‌ಮೈಡೇಟಾ’ ಎಂಬ ಸಂಸ್ಥೆಯಲ್ಲಿ ಸಿದ್ಧವಾದ ಅದರ ಮೂಲಪಾಠವನ್ನು 2007ರಲ್ಲಿ ಎಲ್ಲರಿಗೂ ಮುಕ್ತಗೊಳಿಸಲಾಗಿತ್ತು. ಸಂಸ್ಥೆ ಮುಚ್ಚಿತು, ತಂತ್ರಾಂಶ ಉಳಿಯಿತು. ನಾಲ್ಕಾರು ಗೆಳೆಯರು ಸೇರಿ, ಯಾರ ಅಪ್ಪಣೆಯೂ ಇಲ್ಲದೆ, ಅದರಿಂದ ತಮ್ಮದೇ ಕಣಜವನ್ನು ಕಟ್ಟಿಕೊಳ್ಳಬಹುದು.

ಗೂಢಲಿಪಿಯನ್ನು ಗಣಿತ ಒದಗಿಸಿತು. ಪ್ರಾಮಾಣಿಕತೆಗೂ ಪರೀಕ್ಷೆಯೊಂದನ್ನು ಕಂಡುಕೊಳ್ಳಲಾಯಿತು. ಸೋತದ್ದು ಇವೆರಡರಲ್ಲಿ ಯಾವುದೂ ಅಲ್ಲ. ಪರಸ್ಪರ ನೆರವಿನ ಉಪಕರಣವು ನೆರವಾಗುವವರ ಕೈಯಲ್ಲೇ ಇರಬೇಕು. ಇಲ್ಲವಾದರೆ ಒಡೆಯನು ಅಂಗಡಿ ಮುಚ್ಚಿದ ದಿನ ನೆರೆಹೊರೆಯ ಬಾಂಧವ್ಯವೂ ಮುಚ್ಚಿಹೋಗುತ್ತದೆ. ಮುಯ್ಯಾಳಿನ ಗುದ್ದಲಿ ಅವನದೇ ಆಗಿತ್ತೆಂಬುದನ್ನು ನಾವು ಮರೆಯಬಾರದು.