ಫೀನಿಷಿಯನ್ನರು

ಮೆಡಿಟರೇನಿಯನ್ ಸಮುದ್ರದ ಪೂರ್ವ ದಡದಲ್ಲಿ, ಇಂದಿನ ಲೆಬನಾನ್ ಹಾಗೂ ಅದರ ಅಕ್ಕಪಕ್ಕದ ಕರಾವಳಿಯಲ್ಲಿ ಬಾಳಿದ ಪ್ರಾಚೀನ ಸೆಮಿಟಿಕ್ ಜನ. ಸುಮಾರು ಕ್ರಿ.ಪೂ. 1200ರಿಂದ ಕ್ರಿ.ಪೂ. 332ರವರೆಗಿನದು ಇವರ ಏಳಿಗೆಯ ಕಾಲ. ಬಿಬ್ಲೋಸ್, ಸೈಡನ್, ಅರ್ವಾದ್, ಟೈರ್ (ಕನ್ನಡ ಬೈಬಲಿನ ತೂರ್) ಇವರ ಮುಖ್ಯ ಪಟ್ಟಣಗಳು. ಒಂದೊಂದಕ್ಕೂ ಅದರದೇ ಅರಸ, ಅದರದೇ ದೇವತೆ. ಇವೆಲ್ಲ ಕೂಡಿ ಒಂದೇ ರಾಜ್ಯವಾದದ್ದಿಲ್ಲ. ‘ಫೀನಿಷಿಯನ್’ ಎಂಬುದು ಗ್ರೀಕರು ಇಟ್ಟ ಹೆಸರು. ಆ ಪದಕ್ಕೂ ಇವರು ಮಾರುತ್ತಿದ್ದ ಕೆನ್ನೇರಳೆ ಬಣ್ಣಕ್ಕೂ ನಂಟಿದೆಯೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅವರಾದರೋ ತಮ್ಮನ್ನು ಊರಿನ ಹೆಸರಿನಿಂದಲೇ ಗುರುತಿಸಿಕೊಳ್ಳುತ್ತಿದ್ದರು.

ಬೆನ್ನಿಗೆ ಲೆಬನಾನ್ ಪರ್ವತ, ಎದುರಿಗೆ ಕಡಲು, ನಡುವೆ ಉಳಲು ದಕ್ಕಿದ್ದು ಕಿರಿದಾದ ಒಂದು ಪಟ್ಟಿ. ಹೊಟ್ಟೆಪಾಡಿಗೆ ನೀರಿಗಿಳಿಯದೆ ವಿಧಿಯಿರಲಿಲ್ಲ. ಇಳಿಯಲು ಬೇಕಾದ ಮರವನ್ನು ಆ ಪರ್ವತವೇ ಕೊಟ್ಟಿತು: ಹಿಮಾಲಯದ ದೇವದಾರುವಿನ ಬಳಗಕ್ಕೆ ಸೇರಿದ ಸೀಡರ್. ಒಳ್ಳೆಯ ಮರ ವಿರಳವಾಗಿದ್ದ ಈಜಿಪ್ಟು ದೊಡ್ಡ ದೋಣಿಗೂ ದೇವಾಲಯದ ಬಾಗಿಲಿಗೂ ಈ ಸೀಡರನ್ನು ನೆಚ್ಚಿತ್ತು. ಕ್ರಿ.ಪೂ. 11ನೆಯ ಶತಮಾನದ ಹಿನ್ನೆಲೆಯ ‘ವೆನಾಮುನ್ ವೃತ್ತಾಂತ’ ಈ ವ್ಯಾಪಾರವನ್ನು ಹತ್ತಿರದಿಂದ ತೋರಿಸುತ್ತದೆ. ಅಮುನ್ ದೇವರ ದೋಣಿಗೆ ಮರ ತರಲು ಬಂದ ಈಜಿಪ್ಟಿನ ಅಧಿಕಾರಿಗೆ ಬಿಬ್ಲೋಸಿನ ಅರಸ ಜಕರ್‌ಬಾಲ್ ದಿನವೂ ‘ನನ್ನ ಬಂದರು ಬಿಟ್ಟು ಹೋಗು’ ಎಂದು ಹೇಳಿಕಳಿಸುತ್ತಾನೆ. ಕೊನೆಗೆ ತನ್ನ ಹಿರಿಯರ ಲೆಕ್ಕದ ಸುರುಳಿಗಳನ್ನು ತರಿಸಿ, ಹಿಂದಿನ ಫೇರೋಗಳು ಎಷ್ಟೆಷ್ಟು ಕೊಟ್ಟಿದ್ದರೆಂದು ಓದಿಸುತ್ತಾನೆ. ಚಿನ್ನ, ಬೆಳ್ಳಿ, ಹಗ್ಗ, ಎತ್ತಿನ ತೊಗಲು, 500 ಪಪೈರಸ್ ಸುರುಳಿ ಬಂದು ತಲುಪಿದ ಮೇಲೆಯೇ 300 ಆಳು, 300 ಎತ್ತುಗಳನ್ನು ಕಾಡಿಗೆ ಕಳಿಸುತ್ತಾನೆ. ಇದು ನಡೆದದ್ದೋ ಕಟ್ಟಿದ ಕಥೆಯೋ ಎಂಬ ಚರ್ಚೆ ಮುಗಿದಿಲ್ಲ. ಆದರೆ ಫೇರೋನ ಹೆಸರಿಗೆ ತಲೆಬಾಗದೆ ಲೆಕ್ಕಪುಸ್ತಕ ಬಿಚ್ಚುವ ಆ ಅರಸ ಫೀನಿಷಿಯನ್ನರ ನಿಜವಾದ ಚಿತ್ರ.

ಕೆನ್ನೇರಳೆ ಬಣ್ಣ ಬರುತ್ತಿದ್ದುದು ಮ್ಯೂರೆಕ್ಸ್ ಜಾತಿಯ ಕಡಲ ಶಂಖದ ಹುಳುವಿನಿಂದ. 1909ರಲ್ಲಿ ಜರ್ಮನ್ ರಸಾಯನತಜ್ಞ ಪೌಲ್ ಫ್ರೀಡ್‌ಲೆಂಡರ್ 12,000 ಹುಳುಗಳಿಂದ ತೆಗೆದ ಬಣ್ಣ 1.4 ಗ್ರಾಂ ಮಾತ್ರ. ಆ ಬಣ್ಣದ ಬಟ್ಟೆ ಅರಸರ, ಸಿರಿವಂತರ ಮೈಮೇಲೆ ಮಾತ್ರ ಕಾಣುತ್ತಿದ್ದುದೇಕೆಂದು ಇಷ್ಟರಿಂದಲೇ ತಿಳಿಯುತ್ತದೆ. ಸೈಡನ್ನಿನಲ್ಲಿ ಒಡೆದು ಎಸೆದ ಚಿಪ್ಪುಗಳೇ ಗುಡ್ಡವಾಗಿವೆ.

ಹಡಗು ಕಟ್ಟುವುದರಲ್ಲಿ ಇವರ ಕೈಚಳಕ ಹಲಗೆಗಳ ಜೋಡಣೆಯಲ್ಲಿತ್ತು. ಹಲಗೆಯ ಅಂಚಿನಲ್ಲಿ ಗೂಡು ಕೊರೆದು, ಗಟ್ಟಿಮರದ ನಾಲಿಗೆಯನ್ನು ಅದರಲ್ಲಿ ಕೂರಿಸಿ, ಇನ್ನೊಂದು ಹಲಗೆಯನ್ನು ಮೇಲೆ ಬಿಗಿದು, ಅಡ್ಡಲಾಗಿ ಮರದ ಗೂಟ ಹೊಡೆಯುತ್ತಿದ್ದರು. ಈ ಬಗೆಯ ಕೀಲನ್ನು ರೋಮನ್ನರು ‘ಪ್ಯೂನಿಕ್ (ಅಂದರೆ ಫೀನಿಷಿಯನ್) ಕೀಲು’ ಎಂದೇ ಕರೆದರು. ಇರುಳಿನಲ್ಲಿ ದಿಕ್ಕು ಹಿಡಿಯಲು ಲಘು ಸಪ್ತರ್ಷಿ ಮಂಡಲವನ್ನು ನೋಡುತ್ತಿದ್ದರು. ಗ್ರೀಕರು ಆ ನಕ್ಷತ್ರಪುಂಜಕ್ಕೆ ‘ಫೀನಿಕೆ’ ಎಂದು ಹೆಸರಿಟ್ಟಿದ್ದರು. ಇವರು ದಡ ಬಿಟ್ಟು ಹೋಗುತ್ತಿರಲಿಲ್ಲ ಎಂಬ ಹಳೆಯ ಮಾತು ಈಗ ನಿಲ್ಲುವುದಿಲ್ಲ. 1999ರಲ್ಲಿ ಇಸ್ರೇಲಿನ ಅಷ್ಕೆಲೋನಿನಾಚೆ ನಡುಗಡಲಿನಲ್ಲಿ, ಸುಮಾರು 400 ಮೀಟರ್ ಆಳದಲ್ಲಿ, ಕ್ರಿ.ಪೂ. 8ನೆಯ ಶತಮಾನದ ಎರಡು ಹಡಗುಗಳನ್ನು ಪರಿಶೀಲಿಸಲಾಯಿತು. ದ್ರಾಕ್ಷಾರಸದ ಜಾಡಿಗಳು ನೂರಾರು ಸಂಖ್ಯೆಯಲ್ಲಿ ಹಡಗಿನ ಆಕಾರದಲ್ಲೇ ಬಿದ್ದಿದ್ದವು. ನಾವಿಕರ ಅಡುಗೆ ಮಡಕೆಗಳೂ ಅಲ್ಲಿದ್ದವು.

ಬೆಳ್ಳಿ, ತವರಗಳ ಹಂಬಲ ಇವರನ್ನು ಪಶ್ಚಿಮಕ್ಕೆ ಎಳೆಯಿತು. ಸೈಪ್ರಸ್ಸಿನ ಕಿಟಿಯನ್, ಸಿಸಿಲಿಯ ಮೋಟ್ಯ, ಸಾರ್ಡಿನಿಯದ ನೋರಾ, ಜಿಬ್ರಾಲ್ಟರ್ ದಾಟಿ ಸ್ಪೇನಿನ ಗಾದಿರ್ (ಇಂದಿನ ಕಾಡಿಜ್) ಇವರ ನೆಲೆಗಳಾದವು. ಟೈರಿನವರು ಕ್ರಿ.ಪೂ. 814ರಲ್ಲಿ ಸ್ಥಾಪಿಸಿದರೆಂದು ಹೇಳುವ ಕಾರ್ಥೇಜಿನ ಮೂಲ ಹೆಸರು ‘ಕರ್ತ್ ಹದಶ್ತ್’, ಅಂದರೆ ಹೊಸ ಊರು. ಈ ತವರುಮನೆಯ ನಂಟು ಗಟ್ಟಿಯಾಗಿತ್ತು. ಪರ್ಷಿಯದ ದೊರೆ ಕ್ಯಾಂಬೈಸಿಸ್ ಕಾರ್ಥೇಜಿನ ಮೇಲೆ ನೌಕಾಪಡೆ ಕಳಿಸಲು ಹೊರಟಾಗ, ನಮ್ಮ ಮಕ್ಕಳ ಮೇಲೆ ಕೈಮಾಡುವುದಿಲ್ಲವೆಂದು ಫೀನಿಷಿಯನ್ನರು ನಿರಾಕರಿಸಿದರು ಎಂದು ಗ್ರೀಕ್ ಚರಿತ್ರೆಕಾರ ಹೆರೊಡೋಟಸ್ ಬರೆದಿದ್ದಾನೆ.

ಈಜಿಪ್ಟಿನ ಎರಡನೆಯ ನೆಕೊ (ಕ್ರಿ.ಪೂ. 610–595) ಕಳಿಸಿದ ಫೀನಿಷಿಯನ್ ನಾವಿಕರು ಕೆಂಪು ಸಮುದ್ರದಿಂದ ಹೊರಟು, ದಾರಿಯಲ್ಲಿ ಬಿತ್ತಿ ಬೆಳೆದು ಉಂಡು, ಮೂರನೆಯ ವರ್ಷ ಜಿಬ್ರಾಲ್ಟರ್ ಮಾರ್ಗವಾಗಿ ಮರಳಿದರೆಂದೂ ಅವನೇ ತಿಳಿಸುತ್ತಾನೆ. ಆಫ್ರಿಕವನ್ನು ಸುತ್ತುವಾಗ ಸೂರ್ಯ ಬಲಗಡೆಗಿದ್ದನೆಂಬ ಅವರ ಮಾತನ್ನು ಮಾತ್ರ ತಾನು ನಂಬುವುದಿಲ್ಲ ಎನ್ನುತ್ತಾನೆ. ಭೂಮಧ್ಯರೇಖೆಯ ದಕ್ಷಿಣಕ್ಕೆ ಹೋಗಿ ಪಶ್ಚಿಮಾಭಿಮುಖವಾಗಿ ಸಾಗುವವನಿಗೆ ನಡುಹಗಲ ಸೂರ್ಯ ಬಲಕ್ಕೇ ಕಾಣಬೇಕು. ಅವನು ತಳ್ಳಿಹಾಕಿದ ಸಾಲೇ ಆ ಯಾನಕ್ಕೆ ಇರುವ ಅತ್ಯುತ್ತಮ ಸಾಕ್ಷಿ.

ಇವರ 22 ವ್ಯಂಜನಗಳ ಲಿಪಿಯ ಹೆಸರಾಂತ ಮಾದರಿ, ಬಿಬ್ಲೋಸಿನಲ್ಲಿ 1923ರಲ್ಲಿ ದೊರೆತ ಅರಸ ಅಹಿರಾಮನ ಕಲ್ಲಿನ ಶವಪೆಟ್ಟಿಗೆಯ ಬರಹ. ಗ್ರೀಕರು ಆ ಲಿಪಿಗೆ ಸ್ವರಗಳನ್ನು ಸೇರಿಸಿದರು. ಅದರ ಇನ್ನೊಂದು ಕವಲಾದ ಅರಮಾಯಿಕ್ ಲಿಪಿಯ ಪ್ರಭಾವ ಬ್ರಾಹ್ಮಿಯ ಮೇಲಿದೆ ಎಂಬುದು ಅನೇಕ ವಿದ್ವಾಂಸರ ಮತ. ಹಾಗಿದ್ದಲ್ಲಿ ಬ್ರಾಹ್ಮಿಯಿಂದ ಇಳಿದುಬಂದ ಕನ್ನಡ ಅಕ್ಷರಕ್ಕೂ ಈ ನಾವಿಕರ ದೂರದ ಋಣವಿದೆ. ಇಷ್ಟಾದರೂ ಅವರು ಪಪೈರಸ್ಸಿನಲ್ಲಿ ಬರೆದದ್ದೆಲ್ಲ ಕಡಲಗಾಳಿಯ ತೇವದಲ್ಲಿ ಹಾಳಾಯಿತು. ನಮಗೆ ಸಿಗುವ ಫೀನಿಷಿಯನ್ ಚರಿತ್ರೆ ಬಹುಪಾಲು ಅವರ ಗಿರಾಕಿಗಳೂ ಶತ್ರುಗಳೂ ಬರೆದದ್ದು. ಅವರನ್ನು ಮೋಸಗಾರರೆಂದು ಹಳಿಯುವ ಗ್ರೀಕ್, ರೋಮನ್ ಮಾತುಗಳನ್ನು ಈ ಎಚ್ಚರದಿಂದಲೇ ಓದಬೇಕು. ಅವರದೇ ಕೈಬರಹ ಸಿಸಿಲಿಯ ಮಾರ್ಸಾಲದ ಬಳಿ ಮುಳುಗಿದ್ದ ಕ್ರಿ.ಪೂ. 3ನೆಯ ಶತಮಾನದ ಕಾರ್ಥೇಜಿನ ಹಡಗಿನಲ್ಲಿದೆ: ಯಾವ ಹಲಗೆ ಎಲ್ಲಿ ಕೂರಬೇಕೆಂದು ಬಡಗಿಗಳು ಮರದ ಮೇಲೆ ಬಣ್ಣದಲ್ಲಿ ಬರೆದ ಅಕ್ಷರಗಳು.

ಬ್ಯಾಬಿಲೋನಿನ ನೆಬುಕದ್ನೆಚ್ಚರನ 13 ವರ್ಷದ ಮುತ್ತಿಗೆಯನ್ನು ದ್ವೀಪನಗರಿ ಟೈರ್ ತಾಳಿಕೊಂಡಿತು. ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ದಡದ ಹಳೆಯ ಊರನ್ನು ಕೆಡವಿ, ಅದರ ಕಲ್ಲುಮಣ್ಣನ್ನು ಕಡಲಿಗೆ ಸುರಿದು ಕಟ್ಟೆ ಹಾಕಿಸಿ, ಏಳು ತಿಂಗಳಲ್ಲಿ ಅದನ್ನು ಗೆದ್ದ. ಕಾರ್ಥೇಜನ್ನು ಕ್ರಿ.ಪೂ. 146ರಲ್ಲಿ ರೋಮನ್ನರು ನಾಶಮಾಡಿದರು. ಅಲೆಕ್ಸಾಂಡರ್ ಹಾಕಿಸಿದ ಕಟ್ಟೆಯ ಎರಡೂ ಬದಿಗೆ ಶತಮಾನಗಳುದ್ದಕ್ಕೂ ಮರಳು ಸೇರುತ್ತ ಬಂದು, ಸೂರ್ ಎಂದು ಕರೆಯುವ ಇಂದಿನ ಟೈರ್ ದ್ವೀಪವಾಗಿ ಉಳಿದಿಲ್ಲ, ನೆಲಕ್ಕೆ ಅಂಟಿಕೊಂಡಿದೆ.