ಯಾರಿಲೋ: ಹೆಸರಿನಿಂದ ದೇವತೆಯವರೆಗೆ

ಸ್ಲಾವಿಕ್ ಪುರಾಣಗಳನ್ನು ಕುರಿತ ಕೈಪಿಡಿಗಳು ಯಾರಿಲೋನನ್ನು ವಸಂತದ ಹಾಗೂ ಫಲವಂತಿಕೆಯ ದೇವತೆಯೆಂದು ವರ್ಣಿಸುತ್ತವೆ. ಆದರೆ ವ್ಲಾದಿಮಿರ್ 980ರಲ್ಲಿ ಕೀವ್‌ನಲ್ಲಿ ಪ್ರತಿಷ್ಠಾಪಿಸಿದನೆಂದು ಪ್ರಾಚೀನ ವೃತ್ತಾಂತವು ಹೇಳುವ ದೇವತೆಗಳಲ್ಲಿ ಈ ಹೆಸರಿಲ್ಲ. ಹೆಸರಿಗೂ ದೇವತ್ವಕ್ಕೂ ನಡುವಿನ ಅಂತರವನ್ನು ಭಾಷಿಕ ಸಾಕ್ಷ್ಯವು ಎಷ್ಟರಮಟ್ಟಿಗೆ ತುಂಬಬಲ್ಲದೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಹೆಸರಿನ ಪ್ರಕೃತಿ 'ಯಾರ್-'. ಚೆಕ್ ಭಾಷೆಯ 'ಯಾರೋ' (ವಸಂತ), ರಷ್ಯನ್ನಿನ 'ಯರೊವೊಯ್' (ವಸಂತದಲ್ಲಿ ಬಿತ್ತಿದ) ಇದಕ್ಕೆ ಸಂಬಂಧಿಸಿದವು. ಗಾಥಿಕ್ ಮತ್ತು ಅವೆಸ್ತಾ ಭಾಷೆಗಳಲ್ಲಿ 'ವರ್ಷ' ಎಂಬರ್ಥದ ಪದಗಳೂ ಗ್ರೀಕಿನಲ್ಲಿ 'ಋತು' ಎಂಬರ್ಥದ ಪದವೂ ಇದರ ಜ್ಞಾತಿಗಳು. ರಷ್ಯನ್ನಿನ 'ಯಾರಿಯ್' (ಉಗ್ರ) ಎಂಬುದು ಇದೇ ಧಾತುವಿನದೋ ಕೇವಲ ಸಮಧ್ವನಿಯದೋ ಎಂಬುದು ವಿವಾದಾಸ್ಪದ. '-ಇಲೋ' ಪ್ರತ್ಯಯವಂತೂ ತೊಮಿಲೋ, ಶುಮಿಲೋ ಮುಂತಾದ ಹಳೆಯ ರಷ್ಯನ್ ವ್ಯಕ್ತಿನಾಮಗಳಲ್ಲಿಯೂ ಕಾಣುತ್ತದೆ. ಆದ್ದರಿಂದ ಪದರಚನೆಯು ದೇವತೆಯೊಬ್ಬನನ್ನು ಅನಿವಾರ್ಯವಾಗಿ ಸೂಚಿಸುವುದಿಲ್ಲ.

ಆಚರಣೆಗೆ ಸಂಬಂಧಿಸಿದ ಪ್ರಮುಖ ದಾಖಲೆ 1765ರದು. ವೊರೊನೆಝ್‌ನ ಬಿಷಪ್ ತೀಖೋನ್ ಆ ವರ್ಷ ಯಾರಿಲೋ ಉತ್ಸವವನ್ನು ಖಂಡಿಸಿ ಉಪದೇಶ ನೀಡಿದನು. ಪೂರ್ವದಲ್ಲಿ ಈ ಹೆಸರಿನ ವಿಗ್ರಹವೊಂದು ಪೂಜೆಗೊಳ್ಳುತ್ತಿತ್ತೆಂಬುದು ಉತ್ಸವದ ಸಂದರ್ಭಗಳಿಂದ ಅವನು ಮಾಡಿದ ಊಹೆ. ಜನರಿಗೆ ಯಾರಿಲೋ ಎಂಬುದು ಉತ್ಸವದ ಹೆಸರೂ ಆಗಿತ್ತು. ಹೀಗೆ ಆಚರಣೆಯಿಂದ ದೇವತೆಯನ್ನು ಅನುಮಾನಿಸುವ ಕ್ರಮವು ಅದನ್ನು ನಿಷೇಧಿಸಹೊರಟವನಲ್ಲಿಯೇ ಕಂಡುಬರುತ್ತದೆ. 1846ರಲ್ಲಿ ಶ್ಪಿಲೇವ್‌ಸ್ಕಿ ಬೆಲರೂಸಿನ ಯಾರಿಲೋನನ್ನು ಬಿಳಿಯ ಕುದುರೆಯೇರಿದ ಬರಿಗಾಲಿನ ರೂಪದಲ್ಲಿ ಚಿತ್ರಿಸಿದನು. ಅವನ ಬರಹಗಳ ವಿಶ್ವಾಸಾರ್ಹತೆ ಪ್ರಶ್ನಿತವಾಗಿದ್ದರೂ ಅಫನಾಸ್ಯೇವ್ ಆ ಚಿತ್ರಕ್ಕೆ ಮನ್ನಣೆ ನೀಡಿದನು. ಅಸ್ತ್ರೋವ್‌ಸ್ಕಿಯ 1873ರ 'ಹಿಮಕನ್ಯೆ' ನಾಟಕದಲ್ಲಿ ಯಾರಿಲೋ ಸೂರ್ಯದೇವನಾದನು.

ಪ್ರಾಚೀನತೆಯ ಪರವಾದ ಬಲವಾದ ವಾದವು ಬಾಲ್ಟಿಕ್ ತೀರದಿಂದ ಬರುತ್ತದೆ. ಬಾಂಬೆರ್ಗ್‌ನ ಒಟ್ಟೋನ ಲ್ಯಾಟಿನ್ ಚರಿತ್ರೆಗಳು ವೋಲ್ಗಾಸ್ಟ್‌ನ ಗೆರೋವಿತ್ ಎಂಬ ದೇವತೆಯನ್ನು ಉಲ್ಲೇಖಿಸುತ್ತವೆ. ಈ ರೂಪವನ್ನು 'ಯಾರೋವಿತ್' ಎಂದು ಪುನಾರಚಿಸಲಾಗಿದೆ. ಅವನು ಯುದ್ಧದೇವ ಮಾರ್ಸ್‌ಗೆ ಸಮಾನನೆನಿಸಿದರೂ, ಹೊಲಗಳಿಗೆ ಹುಲ್ಲನ್ನೂ ಕಾಡಿಗೆ ಎಲೆಯನ್ನೂ ತೊಡಿಸುವವನು ತಾನೆಂದು ಅವನ ಬಾಯಿಂದ ಹೇಳಿಸಲಾಗಿದೆ. ಉಗ್ರತೆ ಮತ್ತು ವಸಂತ ಎಂಬ ಎರಡು ಅರ್ಥಗಳೂ ಇಲ್ಲಿ ಸಂಧಿಸುತ್ತವೆ. ಇವಾನೋವ್ ಮತ್ತು ತೊಪೊರೋವ್ ಇಬ್ಬರೂ ಈ ಹೆಸರುಗಳನ್ನು ಜೋಡಿಸಿದ್ದಾರೆ.

ಆದರೂ ಸಮಾನವಾಗಿರುವುದು ಪ್ರಕೃತಿ ಮಾತ್ರ. ಉತ್ತರಪದವೂ ಪ್ರತ್ಯಯವೂ ಭಿನ್ನ. ಒಂದೇ ಧಾತುವಿನಿಂದ ಎರಡು ಪ್ರದೇಶಗಳಲ್ಲಿ ಎರಡು ಹೆಸರುಗಳು ಸ್ವತಂತ್ರವಾಗಿ ಹುಟ್ಟಬಹುದು. ವಸಂತಕ್ಕೂ ಫಲವಂತಿಕೆಗೂ ಸಂಬಂಧಿಸಿದ ಸಾಮಾನ್ಯ ಶಬ್ದಸಂಪತ್ತನ್ನು ವ್ಯುತ್ಪತ್ತಿಯು ಸ್ಥಾಪಿಸುತ್ತದೆ, ಸಾಮಾನ್ಯ ದೇವತೆಯನ್ನಲ್ಲ. ಧಾತುವಿನ ಪುನಾರಚನೆಯನ್ನೂ ದೇವತೆಯ ಪುನಾರಚನೆಯನ್ನೂ ಪ್ರತ್ಯೇಕ ಪ್ರಮೇಯಗಳಾಗಿ ಪರಿಗಣಿಸಿ, ಎರಡನೆಯದಕ್ಕೆ ಪ್ರತ್ಯೇಕ ಸಾಕ್ಷ್ಯವನ್ನು ಕೇಳುವುದು ಅಗತ್ಯವೆಂಬುದು ನಮ್ಮ ನಿಲುವು.