ಹಗುರವಾದ ರಾಟೆ, ಕಾಣೆಯಾದ ಮೀನು

ಕೊಚ್ಚಿಯ ವೈಪಿನ್ ಕಡೆಯ ಹಿನ್ನೀರ ದಂಡೆಯಲ್ಲಿ ರಜಾದಿನಗಳಂದು ಗಾಳ ಹಾಕಲು ಬರುವ ಯುವಕರ ಕೈಯಲ್ಲಿ ಈಗ 200 ಗ್ರಾಂ ಕೂಡ ತೂಗದ, ಅಂಗೈಯೊಳಗೆ ಅಡಗುವ ರೀಲುಗಳು ಕಾಣುತ್ತವೆ. ಬೈಟ್‌ಕಾಸ್ಟಿಂಗ್ ರೀಲ್ ಎಂದು ಅದರ ಹೆಸರು. ಅಮೆರಿಕದ ಕೆರೆಗಳ ಬಾಸ್ ಮೀನಿಗಾಗಿ ಹದಗೊಂಡ ಈ ರಾಟೆ ಇಲ್ಲಿ ಉಪ್ಪುನೀರಿನ ಕಾಳಾಂಜಿಗೂ ಚೆಂಬಲ್ಲಿಗೂ ಒದಗುತ್ತದೆ. ತಿರುವನಂತಪುರದ ಸುತ್ತಲಿನ ಕೆರೆ ಕಾಲುವೆಗಳಲ್ಲಿ ವರಾಲಿಗೂ ಆಗುತ್ತದೆ. ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ತೂಕದ್ದು. ಆ ಪ್ರಶ್ನೆಗೆ ಇನ್ನೂರು ವರ್ಷಗಳ ಚರಿತ್ರೆಯಿದೆ, ಅದರ ಒಂದು ಕವಲು ನಮ್ಮ ಮಂಗಳೂರಿನ ಮೂಲಕ ಹಾದು ಕಾವೇರಿಯನ್ನು ಸೇರುತ್ತದೆ.

ಗಾಳದ ಕೋಲಿಗೆ ರಾಟೆ ಕಟ್ಟಿದ ಅತಿ ಹಳೆಯ ಚಿತ್ರಗಳಲ್ಲೊಂದು ಚೀನಾದ ಮಾ ಯುವಾನ್ ಎಂಬ ಕಲಾವಿದನದು. ಸುಮಾರು 1195ರ ಆ ಚಿತ್ರದಲ್ಲಿ ಚಳಿಗಾಲದ ಸರೋವರ, ಒಂದು ದೋಣಿ, ಒಬ್ಬನೇ ಗಾಳಗಾರ. ಫೋರ್ಟ್ ಕೊಚ್ಚಿಯಲ್ಲಿ ಚೀನೀ ಬಲೆಗಳನ್ನು ನೋಡಿ ಚೀನಾದ ಕೊಡುಗೆ ಅಷ್ಟೇ ಎಂದುಕೊಳ್ಳುವವರು ಈ ಚಿತ್ರವನ್ನೂ ನೆನೆಯಬೇಕು. ಇಂಗ್ಲೆಂಡಿನಲ್ಲಿ ರಾಟೆ ಬಳಕೆಗೆ ಬಂದದ್ದು ಹದಿನೇಳನೆಯ ಶತಮಾನದಲ್ಲಿ, ಐಸಾಕ್ ವಾಲ್ಟನ್ನನ ಕಾಲಕ್ಕೆ. ವಾಲ್ಟನ್ನನ ‘ದಿ ಕಂಪ್ಲೀಟ್ ಆಂಗ್ಲರ್’ (1653) ಗ್ರಂಥವನ್ನು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಗದ್ಯಕ್ಕಾಗಿ ಓದುತ್ತಾರೆ, ಮೀನಿಗಾಗಿ ಓದುವವರು ಕಡಿಮೆ. ಆ ಕಾಲದ ರಾಟೆಗೆ ನೂಲನ್ನು ಸುತ್ತಿಡುವುದಷ್ಟೇ ಕೆಲಸವಾಗಿತ್ತು.

ನೂಲನ್ನು ಎಸೆಯುವ ಕೆಲಸವನ್ನೂ ಅದಕ್ಕೆ ಒಪ್ಪಿಸಿದವರು ಕೆಂಟಕಿಯ ಗಡಿಯಾರ ತಯಾರಕರು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಅಲ್ಲಿನ ಪ್ಯಾರಿಸ್ ಎಂಬ ಊರಿನ ಜಾರ್ಜ್ ಸ್ನೈಡರ್ ಹಲ್ಲುಚಕ್ರಗಳನ್ನು ಜೋಡಿಸಿ, ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸುರುಳಿ ಹಲವು ಸುತ್ತು ತಿರುಗುವಂತೆ ಮಾಡಿದ. ಬಾಸ್ ಮೀನಿಗೆ ಹಾಕುವ ಸಣ್ಣ ಜೀವಂತ ಮೀನಿಗೆ ತೂಕವೇ ಇಲ್ಲ. ಅಷ್ಟು ಹಗುರವಾದ ಎರೆ ದೂರ ಹಾರಬೇಕಾದರೆ ಅದು ತನ್ನ ವೇಗದಿಂದಲೇ ಸುರುಳಿಯನ್ನು ತಿರುಗಿಸಬೇಕು. ಅದಕ್ಕೆ ಗಡಿಯಾರದ ನಯವೇ ಬೇಕಿತ್ತು. ತಿರುಗಿದ ಸುರುಳಿ ನಿಲ್ಲಬೇಕಾದಾಗ ನಿಲ್ಲದಿದ್ದರೆ ನೂಲು ಕ್ಷಣಾರ್ಧದಲ್ಲಿ ಗೋಜಲಾಗುತ್ತದೆ. ಹೆಬ್ಬೆರಳಿನ ಒತ್ತಡವೊಂದೇ ಅಂದಿನ ಲಗಾಮು.

ಇಲ್ಲಿಯೇ ತೂಕದ ನಿಜವಾದ ಲೆಕ್ಕ ಇರುವುದು. ಕೈ ಹೊರುವ ಒಟ್ಟು ತೂಕ ಬೇರೆ, ಎಸೆತಕ್ಕೆ ಅಡ್ಡ ಬರುವ ತೂಕ ಬೇರೆ. ತಿರುಗುವ ವಸ್ತುವಿನ ಜಡತೆ ಅದರ ರಾಶಿಯನ್ನಷ್ಟೇ ಅಲ್ಲ, ಆ ರಾಶಿ ಅಕ್ಷದಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ಅವಲಂಬಿಸಿದೆ. ದೂರ ಇಮ್ಮಡಿಯಾದರೆ ಜಡತೆ ನಾಲ್ಮಡಿಯಾಗುತ್ತದೆ. ಆದ್ದರಿಂದ ಚೌಕಟ್ಟಿನಲ್ಲಿ ಉಳಿಸಿದ ಐವತ್ತು ಗ್ರಾಂಗಿಂತ ಸುರುಳಿಯ ಅಂಚಿನಲ್ಲಿ ಉಳಿಸಿದ ಐದು ಗ್ರಾಂ ಎಸೆತಕ್ಕೆ ಹೆಚ್ಚು ಉಪಕಾರಿ. ಅಂಚಿನವರೆಗೆ ತುಂಬಿದ ನೂಲೂ ಸುರುಳಿಯ ತೂಕವೇ ಎಂಬುದನ್ನು ಹಲವರು ಮರೆಯುತ್ತಾರೆ. ಜಾಹೀರಾತು ಹೇಳುವುದು ಮಾತ್ರ ಒಟ್ಟು ತೂಕವನ್ನು.

ನಂತರದ ಸುಧಾರಣೆಗಳೆಲ್ಲ ಆ ಹೆಬ್ಬೆರಳಿನ ಕೆಲಸವನ್ನು ಯಂತ್ರಕ್ಕೆ ವರ್ಗಾಯಿಸಿದ ಕಥೆ. ನೂಲನ್ನು ಸಮವಾಗಿ ಹರಡುವ ಸಾಧನವನ್ನು ಜನಪ್ರಿಯಗೊಳಿಸಿದವನು ಕಲಮಜೂವಿನ ವಿಲಿಯಂ ಶೇಕ್ಸ್‌ಪಿಯರ್. ಹೆಸರು ಕಂಡು ನಗಬೇಡಿ, ಅವನ ಕಂಪನಿ 1897ರಿಂದ ಇದೇ ವ್ಯಾಪಾರದಲ್ಲಿತ್ತು. 1921ರಲ್ಲಿ ಗಡಿಯಾರದ ಕಾರ್ಖಾನೆಯಾಗಿ ಹುಟ್ಟಿ ಟ್ಯಾಕ್ಸಿ ಮೀಟರುಗಳನ್ನೂ ಮಾಡುತ್ತಿದ್ದ ಸ್ವೀಡನ್ನಿನ ಆಬು ಸಂಸ್ಥೆ, ಯುದ್ಧಕಾಲದಲ್ಲಿ ಮೀಟರಿನ ಬೇಡಿಕೆ ಕುಸಿದಾಗ ರೀಲಿನತ್ತ ಹೊರಳಿತು. 1952ರ ಅದರ ಅಂಬಾಸಡರ್ 5000 ಎಂಬ ಮಾದರಿ ಅಪಕೇಂದ್ರ ಬಲದಿಂದ ಬ್ರೇಕು ಹಾಕುತ್ತಿತ್ತು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಜಪಾನಿನ ಶಿಮಾನೊ, ಡೈವಾ ಕಂಪನಿಗಳು ಚಪ್ಪಟೆ ದೇಹವನ್ನೂ ಅಯಸ್ಕಾಂತದ ಬ್ರೇಕನ್ನೂ ತಂದವು. ಬಳಿಕ ಗ್ರಾಫೈಟ್, ಮೆಗ್ನೀಸಿಯಂ. ಕೇರಳದಲ್ಲಿ ಕೊಳ್ಳುವವರು ಈ ಕೊನೆಯ ಲೋಹದ ಬಗ್ಗೆ ಎಚ್ಚರವಾಗಿರಬೇಕು: ಹಗುರವೇನೋ ಹೌದು, ಆದರೆ ಲೇಪ ಕಿತ್ತುಬಂದ ಮೆಗ್ನೀಸಿಯಂ ಉಪ್ಪುನೀರಿಗೆ ಬೇಗ ಸೋಲುತ್ತದೆ. ಸಿಹಿನೀರಿನ ಬಾಸ್‌ಗೆ ಒಪ್ಪಿದ್ದು ವೇಂಬನಾಡಿಗೆ ಒಪ್ಪಲೇಬೇಕೆಂದಿಲ್ಲ.

ಈಗ ಮಂಗಳೂರಿನ ಕವಲಿಗೆ ಬರೋಣ. 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂತು. 1894ರಲ್ಲಿ ಕಿಟ್ಟೆಲ್ ಕೋಶ ಹೊರಬಂದದ್ದೂ ಅಲ್ಲಿಂದಲೇ. ಲೇಖಕ ಹೆನ್ರಿ ಸಲಿವನ್ ಥಾಮಸ್ ಮದ್ರಾಸ್ ಸಿವಿಲ್ ಸರ್ವೀಸಿನವನು, ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವನು. ಇಂದಿನ ಕಾಸರಗೋಡೂ ಆಗ ಅದೇ ಜಿಲ್ಲೆಯಲ್ಲಿತ್ತು. ಭಾರತದ ಗಾಳಗಾರಿಕೆಯ ಮೂಲಗ್ರಂಥವೆನಿಸಿದ ಈ ಪುಸ್ತಕ, ಗಾತ್ರಕ್ಕೆ ತಕ್ಕ ಹೋರಾಟದಲ್ಲಿ ನಮ್ಮ ಮಹಸೀರ್ ಸಾಲ್ಮನ್ನನ್ನೂ ಮೀರಿಸುತ್ತದೆಂದು ಇಂಗ್ಲಿಷರಿಗೆ ಸಾರಿತು. ಕೊಚ್ಚಿಯಲ್ಲಿ ಸರ್ಜನ್ ಆಗಿದ್ದ ಫ್ರಾನ್ಸಿಸ್ ಡೇ ಅದಕ್ಕೂ ಮೊದಲೇ, 1865ರಲ್ಲಿ, ಮಲಬಾರಿನ ಮೀನುಗಳ ಬಗ್ಗೆ ಗ್ರಂಥ ಪ್ರಕಟಿಸಿದ್ದ. ಕಡತಗಳ ನಡುವೆ ಬಿಡುವು ಮಾಡಿಕೊಂಡು ಇಂಥ ಕೆಲಸ ಮಾಡಿದ ಈ ಇಬ್ಬರು ನೌಕರರ ಬಗ್ಗೆ ನನಗೆ ಸ್ವಲ್ಪ ಅಸೂಯೆಯೇ ಇದೆ.

ಥಾಮಸನನ್ನು ಬರಿಯ ಷೋಕಿಯ ದೊರೆಯೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ನ್ಯಾಯವಲ್ಲ. ದಕ್ಷಿಣ ಕನ್ನಡದಲ್ಲಿ ಮೀನು ಬೆಳೆಸುವ ಕುರಿತು 1870ರಲ್ಲಿಯೇ ವರದಿ ಬರೆದವನು ಅವನು. ನದಿಗಳಲ್ಲಿ ಮೀನಿನ ಸಂತತಿ ನಾಶವಾಗುವುದು ಅವನ ಚಿಂತೆಯಾಗಿತ್ತು. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕೆ ಕಾಯಿದೆ 1897ರಲ್ಲಿ ಬಂತು. ಅದಾಗಿ ನೂರು ವರ್ಷವಾಗುವ ಹೊತ್ತಿಗೆ, 1996ರಲ್ಲಿ, ಅದೇ ಜಿಲ್ಲೆಯ ಶಿಶಿಲದ ಮತ್ಸ್ಯತೀರ್ಥದಲ್ಲಿ ದುಷ್ಕರ್ಮಿಗಳು ವಿಷ ಬೆರೆಸಿ ಸಾವಿರಾರು ದೇವರ ಮೀನುಗಳನ್ನು ಕೊಂದರು.

ಕಾವೇರಿ ಕೊಳ್ಳದ ಗೂನುಬೆನ್ನಿನ ಮಹಸೀರ್ ಥಾಮಸನ ಓದುಗರ ಕನಸಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಹಿಡಿದದ್ದು 120 ಪೌಂಡಿನದು, ಅಂದರೆ ಸುಮಾರು 54 ಕಿಲೊ. ಅಂಥ ಮೀನಿನ ಮುಂದೆ ಹಗುರ ರಾಟೆಯ ಮಾತೇ ಬರುವುದಿಲ್ಲ. ಬಂಡೆಗಳ ನಡುವೆ ಓಡುವ ಮೀನಿಗೆ ನೂರಾರು ಗಜ ನೂಲು ಹಿಡಿಯುವ ಭಾರದ ರೀಲೇ ಬೇಕು. ಎಪ್ಪತ್ತರ ದಶಕದ ಕೊನೆಯಲ್ಲಿ ವಿದೇಶಿ ಗಾಳಗಾರರು ಮತ್ತೆ ಬಂದರು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳೆದ್ದವು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನೀರಿಗೆ ಬಿಡುವುದು ಅಲ್ಲಿನ ನಿಯಮ.

ಆ ಬರೆದಿಟ್ಟ ಲೆಕ್ಕಗಳೇ ಮುಂದೆ ಸಾಕ್ಷಿಯಾದವು. ಗಾಲಿಬೋರೆಯ 1998ರಿಂದ 2012ರವರೆಗಿನ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದಾಗ, ಗೂನುಬೆನ್ನಿನ ಮೀನು ಕುಸಿಯುತ್ತ ಹೋಗಿ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್ ಅದರ ಜಾಗ ತುಂಬಿದ್ದು ಗೊತ್ತಾಯಿತು. ಸಂರಕ್ಷಣೆಯ ಹೆಸರಿನಲ್ಲಿ ಬಿಟ್ಟ ಮರಿಗಳು ಅವು! ಇನ್ನೊಂದು ವಿಚಿತ್ರವೂ ಇದೆ. ಒಂದೂವರೆ ಶತಮಾನ ಗಾಳಗಾರರ ಬಾಯಲ್ಲಿದ್ದ ಈ ಮೀನಿಗೆ ಒಪ್ಪಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದಿಂದ ಪೂರ್ವಕ್ಕೆ ಹರಿದು ಕಾವೇರಿಯ ಕೊಳ್ಳ ಸೇರುವ ಪಾಂಬಾರಿನ ಮಾದರಿಗಳಿಂದ ಕೇರಳದ ವಿಜ್ಞಾನಿಗಳು ವರ್ಣಿಸಿದ್ದ ‘ಟಾರ್ ರೆಮಾದೇವಿ’ಯೇ ಇದು ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು.

ವನ್ಯಧಾಮದೊಳಗೆ ಗಾಳ ನಿಂತದ್ದು ಕಾನೂನಿನ ದೃಷ್ಟಿಯಿಂದ ಸರಿಯೇ. ಮೀನೂ ವನ್ಯಜೀವಿಯಲ್ಲವೇ ಎಂಬ ವಾದದಲ್ಲಿ ತೂಕವಿದೆ. ಆದರೆ ಗಾಳದ ಜೊತೆಗೆ ಲೆಕ್ಕ ಬರೆಯುವವರೂ ನದಿಯ ದಂಡೆಯಿಂದ ಎದ್ದುಹೋದರು. ಸಿಡಿಮದ್ದಿನವರು ಲೆಕ್ಕ ಬರೆಯುವುದಿಲ್ಲ. ದಂಡೆಯಲ್ಲಿ ರಾಟೆ ತಿರುಗಿಸುವವನು ಬೇಡವೆಂದಾದರೆ ಆ ಲೆಕ್ಕವನ್ನು ಅರಣ್ಯ ಇಲಾಖೆಯೋ ವಿಶ್ವವಿದ್ಯಾಲಯವೋ ಪ್ರತಿವರ್ಷ ಅದೇ ಮಡುಗಳಲ್ಲಿ ತೆಗೆಯಬೇಕು, ತೆಗೆದದ್ದನ್ನು ಪ್ರಕಟಿಸಬೇಕು.